ಹೋಗದ ಮೂವತ್ತು ಶೆಡ್‌ಗಳು

“ಅಣ್ಣ, ನಿಜ ಹೇಳು. ಈ ಮೂವತ್ತು ಶೆಡ್‌ಗೂ ಆರ್ಡರ್ ಕಮ್ಮಿ ಆಗಿದ್ದು ಒಂದೇ ತಿಂಗಳಲ್ಲೇನಾ?”

ಪೀಣ್ಯದಲ್ಲಿ ನಾನು ಲೇತ್ ಓಡಿಸುವ ಶೆಡ್ಡಿನ ಬಾಗಿಲಲ್ಲಿ ನಿಂತು ತಂಗಿ ಸುಮಾ ಕೇಳಿದಳು. ಕೈಯಲ್ಲಿ ನಾನು ತುಂಬಿಕೊಟ್ಟಿದ್ದ ಫಾರಂಗಳಿದ್ದವು. ಅವಳು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ದೇಶದಲ್ಲಿ ಕೆಲಸ, ಬೆಲೆಗಳು ಯಾಕೆ ಏರಿಳಿಯುತ್ತವೆ ಎಂಬುದು ಅವಳ ಸಂಶೋಧನೆ. ಸುತ್ತಲಿನ ಶೆಡ್‌ನವರೆಲ್ಲ ನನಗೆ ಗೊತ್ತು, ನಾನೇ ಕೇಳಿ ಬರೆದು ತರುತ್ತೇನೆ ಎಂದು ಫಾರಂ ಇಸಿದುಕೊಂಡಿದ್ದೆ.

ಒಂದು ಶೆಡ್ಡಿಗೂ ಹೋಗಲಿಲ್ಲ. ಏಳನೇ ತರಗತಿಗೇ ಓದು ಬಿಟ್ಟವನು ನಾನು. ದಿನಾ ಜೊತೆಗೆ ಟೀ ಕುಡಿಯುವವರ ಎದುರು ಅಕ್ಷರ ಕೂಡಿಸಿ ಕೂಡಿಸಿ ಪ್ರಶ್ನೆ ಓದಲು ನಾಚಿಕೆಯಾಯಿತು. ಮನೆಯಲ್ಲಿ ಒಬ್ಬನೇ ಕೂತು, ನಮ್ಮ ಶೆಡ್ಡಿನ ಕಥೆಯನ್ನೇ ಅಲ್ಪಸ್ವಲ್ಪ ಬದಲಿಸಿ ಮೂವತ್ತರಲ್ಲೂ ಬರೆದೆ. ಎಲ್ಲ ಕಡೆ ಒಟ್ಟಿಗೇ ಕೆಲಸ ಕುಸಿದಿದೆ ಎಂದು ಅವಳು ಅದನ್ನೇ ನಂಬಿ ಲೇಖನ ಬರೆದಿದ್ದಳು.

ನಾನು ಒಪ್ಪಿಕೊಂಡಾಗ ಅವಳು ಬೈಯಲಿಲ್ಲ. “ಓದಕ್ಕೆ ಕಷ್ಟ ಅಂತ ಒಂದ್ ಮಾತು ಹೇಳಿದ್ರೆ ನಾನೇ ಜೊತೆಗೆ ಬರ್ತಿದ್ನಲ್ಲಣ್ಣ” ಎಂದಳು. ಅಚ್ಚಿಗೆ ಹೋಗಬೇಕಿದ್ದ ಲೇಖನವನ್ನು ಮಾರನೇ ದಿನವೇ ವಾಪಸ್ ಪಡೆದಳು. ಅದರಿಂದ ಸಿಗಬೇಕಿದ್ದ ಬಡ್ತಿಯೂ ಕೈತಪ್ಪಿತು.

ಈ ವರ್ಷ ಅವಳು ಪ್ರೊಫೆಸರ್ ಆದಳು. ಇಷ್ಟು ತಡ ಯಾಕೆ ಎಂದು ಯಾರು ಕೇಳಿದರೂ, ತಾನು ಮಾಹಿತಿಯನ್ನು ಸರಿಯಾಗಿ ಪರಿಶೀಲಿಸಲಿಲ್ಲ ಎಂದಷ್ಟೇ ಹೇಳುತ್ತಾಳೆ. ನನ್ನ ಮಾತು ಎತ್ತುವುದಿಲ್ಲ. ಆದ್ದರಿಂದ ಇದನ್ನು ನಾನೇ ಬರೆದಿದ್ದೇನೆ.