ಅಕ್ಕ ಹೋದ ತಾರೀಖು

ಹೊಸ ಕ್ಯಾಲೆಂಡರಿನ ಮಸಿಯ ವಾಸನೆಗೆ ಹಮ್ಮಿಗಿಯ ನಮ್ಮ ಹಳೆಯ ಮನೆ ನೆನಪಾಯಿತು.

ನಾನು ಹುಟ್ಟುವ ಮೊದಲೇ ಅಕ್ಕನೊಬ್ಬಳು ಜ್ವರ ಬಂದು ತೀರಿಕೊಂಡಿದ್ದಳು. ಬಸ್ ಕಂಡಕ್ಟರ್ ಆಗಿದ್ದ ಅಪ್ಪ ಪ್ರತಿ ಜನವರಿ ಆ ತಾರೀಖಿಗೆ ಉಪವಾಸವಿರುತ್ತಿದ್ದ. ಅಂದು ಅವ್ವ ಎಂದಿನಂತೆ ಉಣ್ಣುತ್ತಿದ್ದಳು.

“ನೀ ಯಾಕ ಉಪಾಸ ಇಲ್ಲಬೇ?” ಎಂದು ಒಮ್ಮೆ ಕೇಳಿದ್ದೆ.

“ತಾರೀಖು ನನಗ ತಿಳಿಯಂಗಿಲ್ಲ. ಕೂಸು ಹೋದಾಗ ಬನದ ಹುಣ್ಣಿಮಿ ಇತ್ತು. ನಾ ಅವತ್ತ ಇರ್ತೀನಿ.”

ಒಂದು ವರ್ಷ ಆ ತಾರೀಖು, ಹುಣ್ಣಿಮೆ ಎರಡೂ ಒಂದೇ ದಿನ ಬಂದವು. ಆ ಸಂಜೆ ಇಬ್ಬರೂ ಆರಿದ ಒಲೆಯ ಮುಂದೆ ಕೂತು ಅತ್ತರು. ಅವರು ಜೊತೆಯಾಗಿ ಅತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೋದ ವರ್ಷ ಅಪ್ಪ ತೀರಿಕೊಂಡ. ಇವತ್ತು ಅಕ್ಕ ಹೋದ ತಾರೀಖು. ಬೆಳಿಗ್ಗೆ ಹೊಸ ಕ್ಯಾಲೆಂಡರಿನಲ್ಲಿ ನನ್ನಿಂದ ತಾರೀಖು ಓದಿಸಿಕೊಂಡಿದ್ದ ಅವ್ವ ರೊಟ್ಟಿಯ ತಾಟು ಸರಿಸಿದಳು.

“ಹುಣ್ಣಿಮಿ ಇನ್ನೂ ದೂರ ಐತಲ್ಲಬೇ,” ಎಂದೆ.

“ನಿಮ್ಮಪ್ಪ ಇಲ್ಲಲ್ಲ. ಅವರು ಹಿಡೀತಿದ್ದ ದಿನಾನೂ ಇನ್ನ ನಾನ ಹಿಡೀಬೇಕು.”