ಇಲಿ ಕಡಿದ ಪೈಪು, ನೀನು ಮಾಡಿದ ಆಣೆ

ಈರಣ್ಣ, ನನ್ನ ಕಾರಿನ ಬ್ರೇಕ್ ಕೆಡಿಸಿದ್ದು ನೀನಲ್ಲ. ಅದು ನನಗೆ ಗೊತ್ತಿತ್ತು. ಹೇಮಗುಡ್ಡದ ಗುಡಿಯಲ್ಲಿ ಅಮ್ಮನ ಮುಂದೆ, ನಿನ್ನ ಮಗಳ ತಲೆಯ ಮೇಲೆ ಕೈಯಿಟ್ಟು ನೀನು ಆಣೆ ಮಾಡುವ ಹೊತ್ತಿಗೇ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನೆ ನಿಂತಿದ್ದೆ. ಆರು ವರ್ಷವಾಯಿತು.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಕಾಲುವೆ ನೀರಿನ ಪಾಳಿಗಾಗಿ ಆ ವಾರ ನಾವು ಅಣ್ಣತಮ್ಮಂದಿರಿಬ್ಬರೂ ಜಗಳವಾಡಿದ್ದೆವು. ಅದಾದ ಮೇಲೂ ನೀನು ನನ್ನ ಕಾರು ಕೇಳಿ ತಾವರಗೇರಾಕ್ಕೆ ಹೋಗಿ ಬಂದೆ. ಬಂದವನು ಬಾನೆಟ್ ಎತ್ತಿ ನೀರು ಹಾಕಿದ್ದನ್ನು ಕಿಟಕಿಯಿಂದ ನೋಡಿದ್ದೆ — ಏನೋ ಹುಡುಕಿದಂತೆ ಕಂಡಿತು. ಮೂರು ದಿನ ಕಾರು ಶೆಡ್ಡಿನಲ್ಲಿ, ಭತ್ತದ ಚೀಲಗಳ ಪಕ್ಕ ನಿಂತಿತ್ತು. ನಾಲ್ಕನೆಯ ದಿನ ಶ್ರೀರಾಮನಗರದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಾಗಿತ್ತು. ಎರಡೂ ಕಾಲು ಊರಿ ತುಳಿದೆ. ಎದುರಿನ ಎಮ್ಮೆಗೆ ಗೇಣು ದೂರದಲ್ಲಿ ಕಾರು ನಿಂತಿತು. ಮನಸ್ಸಿನಲ್ಲಿ ಬಂದದ್ದು ನಿನ್ನ ಮುಖವೇ. ಅಂದು ಸಂಜೆ ಊರ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿಬಿಟ್ಟೆ: "ನನ್ನ ಕೊಲ್ಲಾಕ ನೋಡ್ಯಾನ. ಇಲ್ಲಂದ್ರ ಅಮ್ಮನ ಮುಂದ ಆಣಿ ಮಾಡ್ಲಿ."

ಮರುದಿನ ನಿಧಾನಕ್ಕೆ ಗಂಗಾವತಿಯ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಇಂಜಿನ್ ಬಂದ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿದ, ಒತ್ತಿ ಹಿಡಿದುಕೊಂಡೇ ಚಾಲೂ ಮಾಡಿದ. ಸರಿಯಿದ್ದರೆ ಆಗ ಪೆಡಲ್ ತುಸು ಕೆಳಗಿಳಿಯಬೇಕಂತೆ, ಇಳಿಯಲಿಲ್ಲ. ಇಂಜಿನ್ನಿನಿಂದ, ತುಳಿತಕ್ಕೆ ಬಲ ಕೊಡುವ ಬ್ರೇಕಿನ ಬೂಸ್ಟರಿಗೆ ಹೋಗುವ ರಬ್ಬರ್ ಪೈಪು ಬುಸುಗುಡುತ್ತಿತ್ತು. ಅದರ ತಳದಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು, ಪಕ್ಕದಲ್ಲೇ ಒಂದು ಹಿಡಿ ಭತ್ತದ ಹೊಟ್ಟು.

"ಇಲಿ ಕಡದೈತ್ರಿ ಗೌಡ್ರ. ಮನಷ್ಯಾರ ಕೆಲ್ಸ ಅಲ್ರಿ ಇದು," ಅಂದ.

ಹೊಸ ಪೈಪು ಹಾಕಿದ ಮೇಲೆ ಪೆಡಲ್ ಮೊದಲಿನಂತಾಯಿತು. ನಾನು — ಹಳೆಯ ಪೈಪನ್ನು ಕೇಳಿ ಇಸಿದುಕೊಂಡು ಬರುವ ದಾರಿಯಲ್ಲಿ ಕಾಲುವೆಗೆ ಎಸೆದೆ. ನಾಲ್ಕು ಜನರೆದುರು ಆಡಿದ ಮಾತನ್ನು ನುಂಗಲು ಆಗಲಿಲ್ಲ. ಅದರ ಬದಲು ತಮ್ಮನನ್ನೇ...

ನೀನು ಆಣೆ ಮಾಡಿದೆ. ಎರಡು ವಾರಕ್ಕೆ ನಿನ್ನ ಮಗಳಿಗೆ ಟೈಫಾಯಿಡ್ ಬಂತು. "ಸುಳ್ಳ ಆಣಿ ಮಾಡಿದ್ರ ಅಮ್ಮ ಬಿಡ್ತಾಳೇನು?" ಎಂದು ಊರೆಲ್ಲ ಆಡಿಕೊಂಡಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ನೀನು ಆಸ್ಪತ್ರೆಯಿಂದ ನೇರ ನನ್ನ ಮನೆಗೆ ಬಂದೆ. ಹೊಡೆಯಲು ಬಂದೆಯೆಂದೇ ತಿಳಿದೆ — ನಿನ್ನನ್ನು ಸಂಶಯಿಸುವ ಚಾಳಿ ಆಗಲೂ ನನ್ನನ್ನು ಬಿಟ್ಟಿರಲಿಲ್ಲ. ನೀನು ಹೊಸ್ತಿಲಾಚೆಯೇ ನಿಂತು ಕೇಳಿದೆ: "ಅಣ್ಣಾ, ನೀರ ಹಾಕುವಾಗ ನನಗ ಗೊತ್ತಿಲ್ದಂಗ ಏನರ ಕಿತ್ತೀನೇನು? ಖರೇ ಹೇಳು. ಹಂಗಿದ್ರ ಅಮ್ಮಗ ತಪ್ಪುಗಾಣಿಕಿ ಕಟ್ತೀನಿ, ಕೂಸು ಉಳೀಲಿ."

"ಇರಬೌದು," ಅಂದೆ.

ಮಗಳು ಗುಣವಾದಳು. ಆದರೆ ನೀನು ಆ ಮಾತನ್ನು ನಂಬಿಬಿಟ್ಟೆ. ಮಂಗಳವಾರ ಮಂಗಳವಾರ ಗುಡ್ಡಕ್ಕೆ ಹೋಗಿ, ಮಾಡದ ತಪ್ಪಿಗೆ ಕಾಯಿ ಒಡೆಸುತ್ತೀ. ಹಬ್ಬದಲ್ಲಿ ಮಗಳು ಕಾಲಿಗೆ ಬಿದ್ದರೆ ಅವಳ ತಲೆ ಮುಟ್ಟದೆ ಗಾಳಿಯಲ್ಲೇ ಕೈಯಾಡಿಸುತ್ತೀ. ಅದನ್ನು ಪ್ರತಿ ವರ್ಷ ನೋಡಿದ್ದೇನೆ, ನೋಡಿ ಊಟಕ್ಕೆ ಕುಳಿತಿದ್ದೇನೆ.

ಈ ಮಂಗಳವಾರ ನಾನೂ ಬರುತ್ತೇನೆ. ಅಂದು ಕಟ್ಟೆಯ ಮೇಲಿದ್ದವರಿಗೆಲ್ಲ ಬರಲು ಹೇಳಿದ್ದೇನೆ. ಅಮ್ಮನೆದುರು ಇದನ್ನೇ ಹೇಳುತ್ತೇನೆ. ಅವರಿಗಿಂತ ಮೊದಲು ನಿನಗೆ ತಿಳಿಯಬೇಕು ಎಂದು ಬರೆದೆ. ನಿನ್ನ ಆಣೆ ನಿಜವಾಗಿತ್ತು.

ಮಗಳ ತಲೆ ಮುಟ್ಟು, ತಮ್ಮಾ.