ಸರ್ವರ್ ಬದಲಿಸಿದ ಒಂದು ಸಾಲು

ಇಂಥ ಅನುಭವಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಅವರು ಮುಗಿಸುವ ಮೊದಲೇ ನಗುತ್ತಿದ್ದವನು ನಾನು. ಶಕುನ, ಸೂಚನೆ, ಕನಸಿನಲ್ಲಿ ಬಂದು ಹೇಳಿದ್ದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದೆ. ನನ್ನ ಕಸುಬೂ ಇಂಥದ್ದನ್ನು ನಂಬಲು ಬಿಡುವಂಥದ್ದಲ್ಲ. ತರೀಕೆರೆಯಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡು ಕಡೂರು, ಅಜ್ಜಂಪುರದ ಕಡೆಯ ಶಾಲೆ, ಆಸ್ಪತ್ರೆಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಯಂತ್ರ ತಪ್ಪು ಮಾಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ. ಆಯುಧಪೂಜೆಯ ದಿನ ಸರ್ವರ್ ಮುಂದೆ ನಿಂಬೆಹಣ್ಣು ಇಟ್ಟವರನ್ನು ಬೇಕಾದಷ್ಟು ರೇಗಿಸಿದ್ದೇನೆ. ಇದನ್ನು ಓದಿ ನೀವು ನನ್ನನ್ನೇ ನೋಡಿ ನಕ್ಕರೆ ಬೇಸರವಿಲ್ಲ.

ಇಂಥವು ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ ಅನ್ನುತ್ತಾರೆ. ನನಗೆ ಆದದ್ದು ಭಾನುವಾರ ಮಧ್ಯಾಹ್ನ, ಹೊರಗೆ ಕಣ್ಣು ಬಿಡಲಾಗದಂಥ ಬಿಸಿಲಿದ್ದಾಗ.

ಕಡೂರು ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಹೆಸರು ಬೇಡ. ಅಲ್ಲಿನ ಲ್ಯಾಬಿನ ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್ ಇತ್ತು. ಅದನ್ನು ಕೂರಿಸಿದವನು ನಾನೇ. ಬರುವ ಗರ್ಭಿಣಿಯರ ಹೆಸರು, ಊರು, ತೂಕ, ರಕ್ತದ ಗುಂಪು ಎಲ್ಲ ಅದರ ಹೊಟ್ಟೆಯಲ್ಲಿ. ಏಳು ವರ್ಷ ಒಂದು ದಿನವೂ ತಕರಾರು ಮಾಡಿದ್ದಿಲ್ಲ. ಆದರೆ ಅದರೊಳಗಿನ ಡೇಟಾಬೇಸ್ ತಂತ್ರಾಂಶ ಹಳೆಯದಾಗಿತ್ತು, ಭದ್ರತೆಯ ತಿದ್ದುಪಡಿಗಳು ಬರುವುದು ನಿಂತಿತ್ತು. ಹೊಸ ಆವೃತ್ತಿಗೆ ಹೋಗಲೇಬೇಕು ಎಂದು ಆಸ್ಪತ್ರೆ ನಡೆಸುವ ಡಾಕ್ಟರಮ್ಮನ ತಲೆಯನ್ನು ತಿಂಗಳುಗಟ್ಟಲೆ ತಿಂದೆ.

“ಸುಮ್ನೆ ನಡೀತಿರೋದನ್ನ ಯಾಕ್ರೀ ಕೆದಕ್ತೀರಾ?” ಎಂದರು ಅವರು. “ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ನಿಮ್ಮನ್ನ ಮಾತ್ರ ಬಿಡಲ್ಲ.”

ಏನೂ ಆಗುವುದಿಲ್ಲ ಎಂದು ಎದೆ ತಟ್ಟಿಕೊಂಡು ಒಪ್ಪಿಸಿದೆ. ಹೊರರೋಗಿಗಳಿಲ್ಲದ ಭಾನುವಾರ ಗೊತ್ತುಮಾಡಿದೆವು.

ನನ್ನ ಪದ್ಧತಿ ಹೀಗೆ: ಮೊದಲು ಎಲ್ಲ ಮಾಹಿತಿಯ ಒಂದು ಪ್ರತಿ ಬೇರೆ ಡಿಸ್ಕಿಗೆ. ಆಮೇಲೆ ನೆಟ್‌ವರ್ಕ್ ವೈರ್ ಕಿತ್ತು ಅಪ್‌ಗ್ರೇಡ್. ಮುಗಿದ ಮೇಲೆ ಹಳೆಯದನ್ನೂ ಹೊಸದನ್ನೂ ಸಾಲು ಸಾಲಾಗಿ ಹೋಲಿಸಿ ನೋಡುವುದು. ಎರಡೂ ಒಂದೇ ಆಗಿದ್ದರೆ ಪರದೆ ಏನನ್ನೂ ತೋರಿಸುವುದಿಲ್ಲ. ಆ ಖಾಲಿ ಪರದೆ ನೋಡಿದರೇನೇ ನನಗೆ ನೆಮ್ಮದಿ.

ಆ ದಿನ ಪರದೆ ಖಾಲಿ ಇರಲಿಲ್ಲ. ಸಾವಿರಾರು ಸಾಲುಗಳಲ್ಲಿ ಒಂದೇ ಒಂದು ವ್ಯತ್ಯಾಸ. ಲತಾ, ಊರು ಶಿವನಿ, ಚೊಚ್ಚಲ ಬಸಿರು, ಏಳನೇ ತಿಂಗಳು. ಹಳೆಯದರಲ್ಲಿ ರಕ್ತದ ಗುಂಪು ಓ ಪಾಸಿಟಿವ್. ಹೊಸದರಲ್ಲಿ ಓ ನೆಗೆಟಿವ್.

ಡಿಸ್ಕ್ ಕೆಟ್ಟರೆ ಅಕ್ಷರಗಳು ಕಲಸಿಹೋಗಬಹುದು. ಒಂದು ಪದ ಹೋಗಿ ಅರ್ಥವಿರುವ ಇನ್ನೊಂದು ಪದ ಬಂದು ಕೂರುವುದನ್ನು ನಾನು ಕಂಡಿರಲಿಲ್ಲ. ವೈರ್ ಕಿತ್ತಿದ್ದರಿಂದ ಹೊರಗಿನವರು ಯಾರೂ ಕೈಯಾಡಿಸಲು ಸಾಧ್ಯವಿರಲಿಲ್ಲ. ಎಲ್ಲವನ್ನೂ ಅಳಿಸಿ, ಮೊದಲಿನಿಂದ ಮತ್ತೊಮ್ಮೆ ಮಾಡಿದೆ. ಮತ್ತೆ ಅದೇ ಸಾಲು, ಅದೇ ನೆಗೆಟಿವ್. ಸುಳ್ಳು ಯಾಕೆ ಹೇಳಲಿ, ಆಗ ಹೆದರಿದೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಲ್ಯಾಬಿನಲ್ಲಿ ನನ್ನ ಜೊತೆ ಇದ್ದವರು ವಸಂತಕ್ಕ ಒಬ್ಬರೇ. ಆ ಆಸ್ಪತ್ರೆಯ ಲ್ಯಾಬ್ ಟೆಕ್ನೀಷಿಯನ್. ಕಂಪ್ಯೂಟರ್ ಬಂದ ಮೇಲೂ ಕೈಬರಹದ ರಿಜಿಸ್ಟರ್ ಬಿಡದವರು; ಪಾಸಿಟಿವ್ ನೀಲಿ ಶಾಯಿಯಲ್ಲಿ, ನೆಗೆಟಿವ್ ಕೆಂಪಿನಲ್ಲಿ ಬರೆಯುತ್ತಿದ್ದರು. ಲತಾಳ ಹೆಸರು ತೆಗೆಸಿ ನೋಡಿದೆ. ನೀಲಿಯಲ್ಲಿತ್ತು.

“ನನ್ನ ಕೈಯಲ್ಲಿ ತಪ್ಪಾಗಲ್ಲ ಕಣಪ್ಪ,” ಎಂದರು ವಸಂತಕ್ಕ, ಸ್ವಲ್ಪ ಮುಖ ಊದಿಸಿಕೊಂಡು. ಆಮೇಲೆ ರಿಜಿಸ್ಟರ್ ಮುಚ್ಚಿ, “ಬೇಕಾದ್ರೆ ನಾಳೆ ಆ ಹುಡುಗೀನ ಕರೆಸಿ ಇನ್ನೊಂದ್ಸಲ ನೋಡ್ಬಿಡಣ. ಒಂದ್ ತೊಟ್ಟು ರಕ್ತ, ಐದ್ ನಿಮಿಷದ ಕೆಲ್ಸ” ಎಂದರು.

ನಾನು ಬೇಡ ಎಂದೆ. ತುಂಬಿದ ಬಸುರಿಯನ್ನು ನನ್ನ ಕಂಪ್ಯೂಟರಿನ ಚೇಷ್ಟೆಗಾಗಿ ಶಿವನಿಯಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಕರೆಸುವುದೇ ಎಂದೆ. ಆಡಿದ ಮಾತು ಅದು. ಮನಸ್ಸಿನಲ್ಲಿದ್ದದ್ದು ಬೇರೆ. ಕರೆಸಿದರೆ ಯಾಕೆ ಎಂದು ಡಾಕ್ಟರಮ್ಮ ಕೇಳುತ್ತಾರೆ, ‘ಅಪ್‌ಗ್ರೇಡ್ ಮಾಡಿ ಕೆಡಿಸಿದ್ರಾ’ ಅನ್ನುತ್ತಾರೆ, ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಹಳೆಯ ಪ್ರತಿಯೂ ರಿಜಿಸ್ಟರೂ ಒಂದೇ ಹೇಳುತ್ತಿರುವಾಗ ಇನ್ನೇನು ಬೇಕು? ಆ ಒಂದು ಸಾಲನ್ನು ನನ್ನ ಕೈಯಿಂದಲೇ ಮತ್ತೆ ಪಾಸಿಟಿವ್ ಮಾಡಿದೆ. ಹೋಲಿಸಿದೆ. ಪರದೆ ಖಾಲಿಯಾಯಿತು. ಕಾಫಿ ಕುಡಿದು ಬೈಕ್ ಹತ್ತಿದೆ. ಎರಡು ತಿಂಗಳ ಮೇಲೆ ಲತಾಳಿಗೆ ಹೆಣ್ಣು ಮಗುವಾಯಿತು, ಆರೋಗ್ಯವಾಗಿತ್ತು. ಅದು ಕಿವಿಗೆ ಬಿದ್ದಾಗ, ನಾನೆಂಥ ಪುಕ್ಕಲ ಎಂದು ನಕ್ಕುಬಿಟ್ಟೆ.

ನೆಗೆಟಿವ್ ಗುಂಪಿನ ವಿಚಾರ ನನಗೆ ತಿಳಿದದ್ದು ಎರಡು ವರ್ಷವಾದ ಮೇಲೆ. ತಾಯಿಯ ರಕ್ತ ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆದರೆ, ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡಬೇಕಂತೆ. ಕೊಡದಿದ್ದರೆ ಮೊದಲ ಮಗುವಿಗೇನೂ ಆಗುವುದಿಲ್ಲ. ಮುಂದಿನ ಮಗುವಿನ ಮೇಲೆ ತಾಯಿಯ ರಕ್ತವೇ ತಿರುಗಿಬೀಳಬಹುದು. ಯಾರಿಗೆ ಇಂಜೆಕ್ಷನ್ ಬೇಕೆಂದು ಆ ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಪಟ್ಟಿ ತೆಗೆದುಕೊಡುತ್ತಿದ್ದದ್ದು ನನ್ನ ಸರ್ವರ್. ಲತಾಳ ಹೆಸರು ಅದರಲ್ಲಿ ಬರಲೇ ಇಲ್ಲ.

ಅವಳು ಎರಡನೇ ಸಲ ಬಸುರಿಯಾದಾಗಲೂ, ಗುಂಪು ದಾಖಲೆಯಲ್ಲಿ ಇದೆಯಲ್ಲ ಎಂದು ಯಾರೂ ಮತ್ತೆ ರಕ್ತ ನೋಡಲಿಲ್ಲ. ಏಳು ತಿಂಗಳಾಗಿದ್ದಾಗ ಹೊಟ್ಟೆಯಲ್ಲಿ ಮಗು ಆಡುವುದು ನಿಂತಿತು. ದಾವಣಗೆರೆಗೆ ಕರೆದೊಯ್ದರು. ಗಂಡು ಮಗು, ಹೊರಬರುವ ಮೊದಲೇ ಹೋಗಿತ್ತು. ಅಲ್ಲಿ ಹೊಸದಾಗಿ ರಕ್ತ ಪರೀಕ್ಷೆ ಮಾಡಿದಾಗ ಓ ನೆಗೆಟಿವ್ ಎಂದು ಬಂತು. ಅವಳ ಗಂಡ ಆ ಕಾಗದ ಹಿಡಿದು ನೇರ ನಮ್ಮ ಆಸ್ಪತ್ರೆಗೆ ಬಂದ. ಅವನು ಕೂಗಾಡಲಿಲ್ಲ. “ಒಂದ್ ಇಂಜೆಕ್ಷನ್ ಇತ್ತಂತಲ್ಲ ಮೇಡಂ” ಎಂದಷ್ಟೇ ಕೇಳಿದನಂತೆ.

ಹಳೆಯ ದಾಖಲೆ ತೆಗೆಯಲು ಡಾಕ್ಟರಮ್ಮ ನನ್ನನ್ನು ಕರೆಸಿದರು. ಯಾರಾದರೂ ಆಮೇಲೆ ತಿದ್ದಿದ್ದಾರಾ ಎಂದು ಕೇಳಿದರು. ಮೊದಲ ದಿನ ಬರೆದದ್ದೂ ಪಾಸಿಟಿವ್, ಈಗ ಇರುವುದೂ ಪಾಸಿಟಿವ್ ಎಂದೆ. ಅದು ನಿಜವೇ. ಬಾಗಿಲ ಹತ್ತಿರ ನಿಂತಿದ್ದ ವಸಂತಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಬಹುಶಃ ಲತಾಳ ರಕ್ತ ತೆಗೆದ ದಿನ ಗಡಿಬಿಡಿಯಲ್ಲಿ ಎರಡು ಟ್ಯೂಬ್ ಅದಲುಬದಲಾಗಿತ್ತೇನೋ. ವಸಂತಕ್ಕ ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು, ಮಾರನೆಯ ವಾರದಿಂದ ಕೆಲಸಕ್ಕೆ ಬರಲಿಲ್ಲ. ನನ್ನ ಹೆಸರು ಎತ್ತಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಆ ಭಾನುವಾರ ಲತಾಳ ರಕ್ತ ನೆಗೆಟಿವ್ ಎಂಬುದು ವಸಂತಕ್ಕನಿಗೆ ಗೊತ್ತಿರಲಿಲ್ಲ, ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ, ಸ್ವತಃ ಲತಾಳಿಗೂ ಗೊತ್ತಿರಲಿಲ್ಲ. ಯಾರೂ ಎಲ್ಲೂ ಬರೆದಿರಲಿಲ್ಲ. ಹಾಗಿದ್ದರೆ ಅದು ಎಲ್ಲಿಂದ ಬಂತು? ಡಿಸ್ಕನ್ನು ಎರಡು ದಿನ ಪರೀಕ್ಷಿಸಿದೆ, ದೋಷವಿರಲಿಲ್ಲ. ತಿಳಿದವರನ್ನು ಕೇಳಿದೆ, ನೀನೇ ಏನೋ ಎಡವಟ್ಟು ಮಾಡಿದ್ದೀಯ ಎಂದರು. ಹಳೆಯ ಪ್ರತಿ ನನ್ನ ಬಳಿಯೇ ಇತ್ತು. ಅದೇ ಅಪ್‌ಗ್ರೇಡನ್ನು ಅಂಗಡಿಯಲ್ಲಿ ಕೂತು ಮತ್ತೆ ಮಾಡಿ ಹೋಲಿಸಿದೆ. ಈ ಸಲ ಒಂದು ಅಕ್ಷರವೂ ಬದಲಾಗಲಿಲ್ಲ. ಖಾಲಿ ಪರದೆಯ ಮುಂದೆ ತುಂಬ ಹೊತ್ತು ಕೂತಿದ್ದೆ. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಕೊನೆಗೆ ತಡೆಯಲಾಗದೆ ಶಿವನಿಗೆ ಹೋದೆ. ಲತಾ ಅಂಗಳದಲ್ಲಿ ಮಗಳ ತಲೆ ಬಾಚುತ್ತಿದ್ದಳು. ಆ ಭಾನುವಾರ ನಡೆದದ್ದನ್ನು ಹೇಳಿದೆ: ಎರಡು ಸಲ ಬದಲಾದದ್ದು, ವಸಂತಕ್ಕ ಕರೆಸೋಣ ಅಂದದ್ದು, ನಾನು ಬೇಡ ಅಂದದ್ದು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಗಳ ಜಡೆ ಹಾಕಿ ಮುಗಿಸಿದಳು.

“ಅದು ನಿಮ್ಗೆ ಹೇಳ್ತು ತಾನೇ, ಎರಡೆರಡ್ ಸಲ?” ಎಂದಳು. “ನೀವ್ ಯಾಕೆ ನಂಗೆ ಹೇಳ್ಲಿಲ್ಲ?”

ಯಂತ್ರಕ್ಕೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದರೆ ತಿಳಿಯದು ಎನ್ನುತ್ತಿದ್ದೆ, ಇವತ್ತಿಗೂ ತಿಳಿಯದು. ಅವಳು ಕೇಳಿದ್ದು ಅದನ್ನಲ್ಲ. ಡಾಕ್ಟರಮ್ಮ ಬೈಯುತ್ತಾರೆಂದು ಹೆದರಿದೆ ಎಂದು ಆ ತಾಯಿಯ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ.